ಆರು ಗಂಟೆಯ ಓದುಗ

ಹೆಂಡತಿಯೂ ಓದದ ಫಾಲಾಕ್ಷಯ್ಯನವರ ಕವಿತೆಗಳಿಗೆ ಒಂದು ವೆಬ್‌ಸೈಟಿತ್ತು. ಅದಕ್ಕೆ ಒಬ್ಬನೇ ಓದುಗ. ಆದರೆ ಎಂಥ ಓದುಗ! ಏಳು ವರ್ಷದಿಂದ ದಿನವೂ ಬೆಳಿಗ್ಗೆ ಸರಿಯಾಗಿ ಆರಕ್ಕೆ ಯಾರೋ ಬಂದುಹೋದದ್ದನ್ನು ಸೈಟು ತೋರಿಸುತ್ತಿತ್ತು. ಆ ಅಜ್ಞಾತ ಸಹೃದಯನಿಗೇ ಅವರು ತಮ್ಮ ಸಂಕಲನವನ್ನೂ ಅರ್ಪಿಸಿದ್ದರು.

ಸೈಟು ನಡೆಸಿಕೊಡುತ್ತಿದ್ದ ಊರಿನ ಪುಟ್ಟ ಹೋಸ್ಟಿಂಗ್ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡಿತೆಂದು ತಿಳಿದ ಕೂಡಲೇ ಅವರು ಹಳೆಯ ಮಾಲೀಕನಿಗೆ ಫೋನ್ ಮಾಡಿದರು.

“ಸೈಟು ಒಂದು ದಿನ ನಿಂತ್ರೂ ನನ್ನ ಓದುಗ ನೊಂದ್ಕೋತಾನಪ್ಪ!”

“ನಿಲ್ಲಲ್ಲ ಸಾರ್, ಅವರದು ಎಲ್ಲಾ ಮಷೀನೇ ನೋಡ್ಕೊಳ್ಳುತ್ತೆ. ನನ್ನ ಹಾಗೆ ದಿನಾ ಬೆಳಿಗ್ಗೆ ಆರಕ್ಕೆದ್ದು, ನಿಮ್ಮ ಸೈಟು ತೆರ್ಕೊಳ್ಳುತ್ತೋ ಇಲ್ವೋ ಅಂತ ನೋಡೋ ಕರ್ಮ ಅವರಿಗಿಲ್ಲ.”