ಬಾಯಿ ಬಿಡುವ ವಾಲ್ವ್

"ತೊಂಬತ್ತೇಳು," ಎಂದಳು ಅಪೊಲೋನಿಯಾ, ಜ್ವರ ನೋಡುವ ಥರ್ಮಾಮೀಟರನ್ನು ಹಳೆಯ ಪಿಕಪ್ಪಿನ ಹೀಟರಿನ ಕಿಂಡಿಯಿಂದ ತೆಗೆಯುತ್ತ. "ಮನುಷ್ಯನಾದರೆ ನಾರ್ಮಲ್ ಅಂತ ಮನೆಗೆ ಕಳಿಸಬಹುದಿತ್ತು. ಹೀಟರಿಗೆ ಇದು ಸಾಕಾಗ್ತದಾ, ಸಂಕಪ್ಪಣ್ಣ?"

ಮೂವರೂ ಬಲ್ಮಠದ ಗ್ಯಾರೇಜಿನಿಂದ ಕಾವೂರಿನ ಮನೆಯಂಗಳದವರೆಗೆ ಗಾಜು ಏರಿಸಿ, ಹೀಟರ್ ಹಾಕಿಕೊಂಡು ಬಂದಿದ್ದರು. ಮಂಗಳೂರಿನ ಸೆಕೆಯಲ್ಲಿ! ಅವಳ ಗಂಡ ಮೊರಿಸನ ಅಂಗಿ ಹಿಂಡಿದರೆ ಒಂದು ಚೊಂಬು ನೀರು ಸಿಗುತ್ತಿತ್ತು. ಮೆಕ್ಯಾನಿಕ್ ಸಂಕಪ್ಪ ಬೈರಾಸಿನಿಂದ ಕುತ್ತಿಗೆ ಒರೆಸಿ ಒರೆಸಿ ಸುಸ್ತಾಗಿದ್ದ. ನಡುವೆ ಕುಳಿತ ಅಪೊಲೋನಿಯಾ ಮಾತ್ರ ಕೆಂಪು ಸ್ವೆಟರ್ ಹಾಕಿಕೊಂಡು ಮದುಮಗಳ ಹಾಗೆ ಖುಷಿಯಲ್ಲಿದ್ದಳು.

"ಬಾಯಮ್ಮ, ಆ ಸ್ವೆಟರ್ ಒಂದು ತೆಗೀರಿ. ನೋಡಿಯೇ ನನಗೆ ತಲೆ ತಿರುಗ್ತದೆ," ಎಂದ ಸಂಕಪ್ಪ.

"ತೆಗೆಯುವುದಿಲ್ಲ. ಅಭ್ಯಾಸ ಆಗ್ಲಿ," ಎಂದು ಅವಳು ಚಾಕ್ಕೆ ನೀರಿಡಲು ಒಳಗೆ ಹೋದಳು.

ಊಟಿಗೆ ಕರೆದುಕೊಂಡು ಹೋಗ್ತೇನೆ ಎಂದು ಮೊರಿಸ್ ಮಾತು ಕೊಟ್ಟದ್ದು ಮದುವೆಯಾದ ಹೊಸತರಲ್ಲಿ. ಆಮೇಲೆ ಅವಳಿಗೆ ಆಸ್ಪತ್ರೆಯ ಡ್ಯೂಟಿ, ಇವನಿಗೆ ಶಾಮಿಯಾನ ಬಾಡಿಗೆಯ ಸೀಸನ್, ಮಾತು ಮಾತಾಗಿಯೇ ಉಳಿಯಿತು. ಈಗ ಅವಳು ನರ್ಸ್ ಕೆಲಸದಿಂದ ನಿವೃತ್ತಳಾಗಿ, ಕ್ರಿಸ್ಮಸ್ ಕಳೆದ ಮರುದಿನ ಹೊರಡುವುದೆಂದು ರೂಮೂ ಬುಕ್ ಮಾಡಿಯಾಗಿತ್ತು. ಚಳಿ ತಾಗಿದರೆ ಅವಳ ಬೆರಳುಗಳು ಸೆಟೆದು ನೋಯುತ್ತವೆ. ಹಾಗಾಗಿ ಹೀಟರ್ ಸರಿಯಾದರೆ ಊಟಿ, ಇಲ್ಲದಿದ್ದರೆ ಇಲ್ಲ.

ಸಂಕಪ್ಪ ಬಾನೆಟ್ ಎತ್ತಿ, ಪೈಪುಗಳನ್ನು ಮುಟ್ಟಿ ನೋಡಿದ. "ನೀರು ಉಂಟು, ಗಾಳಿ ಬರ್ತದೆ, ಪೈಪು ಕಟ್ಟಿಕೊಂಡಿಲ್ಲ. ಮತ್ತೆ ಎಂತ ರೋಗ ಮಾರಾಯ ಇದಕ್ಕೆ?" ಒಂದು ಗಳಿಗೆ ತಲೆ ಕೆರೆದುಕೊಂಡವನು ಹಣೆ ಚಚ್ಚಿಕೊಂಡ. "ಅಯ್ಯೋ, ವಾಲ್ವೇ ಇಲ್ಲ ಅಲ್ವಾ ಮೊರಿಸ್ ಪೊರ್ಬುಗಳೇ! ನೀರು ಕಾದ ಮೇಲೆ ಬಾಯಿ ಬಿಡುವ ವಾಲ್ವ್ ಒಂದು ಇರ್ತದೆ. ಅದಿಲ್ಲದಿದ್ದರೆ ನೀರು ಕಾಯುವ ಮೊದಲೇ ರೇಡಿಯೇಟರಿಗೆ ಓಡ್ತದೆ, ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು? ನಾನೇ ತೆಗೆದದ್ದು. ವರ್ಷಗಳ ಹಿಂದೆ ನೀವು ವೆಲಂಕಣಿ ಯಾತ್ರೆಗೆ ಹೋದಾಗ ದಾರಿಯಲ್ಲಿ ಗಾಡಿ ಕುದಿಯಿತಲ್ಲ, ಬಂದ ಕೂಡಲೇ ತೆಗೆದುಕೊಟ್ಟೆ. ನಮ್ಮ ಊರಿನ ಸೆಕೆಗೆ ಅದು ಎಂತಕ್ಕೆ?"

"ಹೊಸತು ಹಾಕು ಮಾರಾಯ."

"ಈ ಮಾಡೆಲಿನದ್ದು ಈಗ ಸಿಗುವುದಿಲ್ಲ. ಹಳೆಯದನ್ನು ಪೇಪರಿನಲ್ಲಿ ಸುತ್ತಿ ನಿಮ್ಮ ಕೈಗೇ ಕೊಟ್ಟಿದ್ದೆ. ಅದು ಎಲ್ಲುಂಟು?"

ಮೊರಿಸನ ಬೆವರು ಅಲ್ಲಿಗೇ ತಣ್ಣಗಾಯಿತು. ಅದು ಎಲ್ಲುಂಟೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು! ಆವತ್ತು ವೆಲಂಕಣಿಯಿಂದ ಹೆಂಡತಿಗೆ ಒಂದು ಜಪಮಾಲೆ ತರುವುದಕ್ಕೂ ಈ ಪುಣ್ಯಾತ್ಮನಿಗೆ ನೆನಪಾಗಿರಲಿಲ್ಲ. ಗ್ಯಾರೇಜಿನಿಂದ ಮನೆಗೆ ಬಂದು ಚೀಲ ಕೆಳಗಿಡುವಷ್ಟರಲ್ಲಿ ಅವಳೇ ಪೇಪರ್ ಬಿಚ್ಚಿ, "ಮೇಣಬತ್ತಿ ಸ್ಟ್ಯಾಂಡಾ? ನನಗಾ? ಎಷ್ಟು ಚಂದ ಉಂಟು!" ಎಂದು ಕಣ್ಣಿಗೊತ್ತಿಕೊಂಡಳು. ಅಷ್ಟು ಅರಳಿದ ಮುಖದೆದುರು ಅದು ಗಾಡಿಯ ಸಾಮಾನೆಂದು ಹೇಳುವ ಧೈರ್ಯ ಯಾವ ಗಂಡಸಿಗುಂಟು? ಅಂದಿನಿಂದ ಆ ಹಿತ್ತಾಳೆಯ ತುಂಡು ಹಾಲಿನಲ್ಲಿ ಪ್ರಾರ್ಥನೆಗೆಂದಿಟ್ಟ ಆಲ್ತಾರಿನ ಮೇಲೆ, ವೆಲಂಕಣಿ ಮಾತೆಯ ಮೂರ್ತಿಯ ಪಾದದಡಿಯಲ್ಲಿ. ಪರೀಕ್ಷೆಗೆ ಹೋಗುವ ನೆರೆಮನೆಯ ಮಕ್ಕಳೂ ಅದನ್ನು ಮುಟ್ಟಿಯೇ ಹೋಗುವುದು.

ಮೊರಿಸ್ ಪಿಸುಪಿಸು ಎಂದು ಎಲ್ಲ ಹೇಳಿದ. ಸಂಕಪ್ಪ ಬಾನೆಟ್ಟಿನೊಳಗೆ ತಲೆ ತೂರಿಸಿ ಮನಸೋ ಇಚ್ಛೆ ನಕ್ಕ. ಆಮೇಲೆ ಕಣ್ಣು ಒರೆಸಿಕೊಂಡು, "ನಾನು ಮಾತಾಡ್ತೇನೆ. ನೀವು ಸುಮ್ಮನಿರಿ, ಅದು ನಿಮಗೆ ಹೇಗೂ ಅಭ್ಯಾಸ ಉಂಟಲ್ಲ," ಎಂದು ಕೈ ತೊಳೆದು ಮೊರಿಸನೊಂದಿಗೆ ಹಾಲಿಗೆ ಬಂದ. ಅಪೊಲೋನಿಯಾ ಅಡುಗೆಮನೆಯಿಂದ ಹೊರಬಂದಳು.

"ಬಾಯಮ್ಮ, ದೂರದ ಪ್ರಯಾಣ. ಮಾತೆಯ ಆ ಸ್ಟ್ಯಾಂಡನ್ನು ಗಾಡಿಯಲ್ಲಿ ಇಟ್ಟುಕೊಂಡರೆ ಒಳ್ಳೆಯದಲ್ವಾ?"

"ಗಾಡಿಯಲ್ಲಿ ಎಲ್ಲಿ?"

"ಇಂಜಿನ್ನಿನ... ಹತ್ತಿರ."

"ಹತ್ತಿರವಾ, ಒಳಗಾ?"

ಸಂಕಪ್ಪ ಬೈರಾಸಿನಿಂದ ಮತ್ತೆ ಕುತ್ತಿಗೆ ಒರೆಸಿಕೊಂಡ. ಮೊರಿಸ್ ಫ್ಯಾನನ್ನು ಮೊದಲ ಸಲ ನೋಡುವವನ ಹಾಗೆ ನೋಡತೊಡಗಿದ. ಅಪೊಲೋನಿಯಾ ಆಲ್ತಾರಿನ ಬಳಿ ಹೋಗಿ, ಮಾತೆಯ ಮುಂದೆ ಶಿಲುಬೆಯ ಗುರುತು ಮಾಡಿ, ಮೇಣಬತ್ತಿ ಕಿತ್ತು ಪಕ್ಕಕ್ಕಿಟ್ಟು, ಸ್ಟ್ಯಾಂಡನ್ನು ಅಡುಗೆಮನೆಗೆ ಒಯ್ದು, ಚಾಕ್ಕೆಂದು ಕುದಿಯುತ್ತಿದ್ದ ನೀರಿಗೆ ಹಾಕಿಬಿಟ್ಟಳು. ಗಂಡಸರಿಬ್ಬರೂ ಹಿಂದಿನಿಂದ ಓಡಿಬಂದರು.

"ಈ ಕಿಟಕಿಯಿಂದ ಅಂಗಳದ್ದೆಲ್ಲ ಕೇಳಿಸ್ತದೆ," ಎಂದಳು ಅವಳು, ಪಾತ್ರೆಯಿಂದ ಕಣ್ಣು ತೆಗೆಯದೆ. "ಕೇಳಬೇಕೆಂದೂ ಇಲ್ಲ. ಇದರ ಅಂಚಿನಲ್ಲಿ ಎಂಬತ್ತೆರಡು ಡಿಗ್ರಿ ಸೆಲ್ಸಿಯಸ್ ಅಂತ ಕೊರೆದದ್ದು ಉಂಟು. ವೆಲಂಕಣಿಯಲ್ಲಿ ಡಿಗ್ರಿ ಹಾಕಿದ ಸ್ಟ್ಯಾಂಡ್ ಮಾರ್ತಾರಾ? ಮಾರನೆಯ ದಿವಸ ಉಜ್ಜುವಾಗಲೇ ಓದಿದ್ದೇನೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದ ಮೊರಿಸ್.

"ಮೇಣಬತ್ತಿ ಗಟ್ಟಿ ನಿಲ್ತಿತ್ತು. ಮತ್ತೆ, ನೀವೇ ಹೇಳ್ತೀರಿ ಅಂತ ಕಾದೆ." ಅವಳಿಗೆ ಬೇಸರವಾಗಿತ್ತು, ಅದನ್ನು ಅವಳು ಅಡಗಿಸಲಿಲ್ಲ.

ಹಳೆಯ ಮೇಣವೆಲ್ಲ ಕರಗಿ ನೀರಿನ ಮೇಲೆ ತೇಲಿತು. ಸ್ವಲ್ಪ ಹೊತ್ತಿಗೆ ವಾಲ್ವಿನ ಪುಟ್ಟ ಮುಚ್ಚಳ ಮೆಲ್ಲನೆ ಸರಿದು ತೆರೆದುಕೊಂಡಿತು. ಅಪೊಲೋನಿಯಾ ಅದನ್ನು ಸೌಟಿನಿಂದ ಎತ್ತಿ ಸಂಕಪ್ಪನ ಬೈರಾಸಿಗೆ ಹಾಕಿದಳು.

"ಬಿಸಿ ಮುಟ್ಟಿದ ಕೂಡಲೇ ಬಾಯಿ ಬಿಟ್ಟಿತು ನೋಡಿ, ಸಂಕಪ್ಪಣ್ಣ. ಇದನ್ನು ಗಾಡಿಗೆ ಹಾಕಿ." ಸ್ವೆಟರಿನ ತೋಳು ಮೇಲೆ ಸರಿಸಿ ಗಂಡನ ಕಡೆಗೆ ತಿರುಗಿದಳು. "ಬಾಯಿ ಬಿಡದ ಇನ್ನೊಂದನ್ನು ನಾನು ಊಟಿಗೆ ಕರೆದುಕೊಂಡು ಹೋಗಿ ನೋಡ್ತೇನೆ."