ಬಿಸಿಲಿಗಿಟ್ಟ ಕಾರು

ಕಾಳೀಘಾಟಿನ ಕಾಳಿಯ ಮೇಲಾಣೆ, ಚಾಮುಂಡಿಬೆಟ್ಟದ ತಾಯಿಯ ಮೇಲಾಣೆ, ಇದು ನಡೆದದ್ದೇ. ಇಬ್ಬರು ದೇವಿಯರನ್ನು ಒಟ್ಟಿಗೆ ಎದುರು ಹಾಕಿಕೊಂಡು ಸುಳ್ಳು ಹೇಳುವ ಗಂಡೆದೆ ಯಾರಿಗಿದೆ? ಕಲ್ಕತ್ತಾದ ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರ್ ಕಂಪನಿಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದ ಕಾಲ. ಮೇ ತಿಂಗಳ ಸುಡು ಮಧ್ಯಾಹ್ನ. ಪಾರ್ಕ್ ಸ್ಟ್ರೀಟಿನ ಹೋಟೆಲಿನಿಂದ ಬೆಹಾಲಾದ ಮನೆಗೆ ಹೊರಟಿದ್ದ ಭರತೇಶನ ಹಳೇ ಕಾರಿನಲ್ಲಿ ಎ.ಸಿ. ಗಾಳಿ ಕೆಮ್ಮಿತು, ಕಟಕಟ ಎಂದಿತು, ನಿಂತೇ ಹೋಯಿತು.

ಮುಂದಿನ ಸೀಟಿನಲ್ಲಿ ಕೂತಿದ್ದವರು ಅಶ್ವತ್ಥನಾರಾಯಣ, ಬೆಂಗಳೂರಿನ ಹೆಡ್ ಆಫೀಸಿನವರು. ಕಲ್ಕತ್ತಾ ಆಫೀಸನ್ನು ಇಟ್ಟುಕೊಳ್ಳಬೇಕೋ ಮುಚ್ಚಬೇಕೋ ಎಂದು ನೋಡಿಹೋಗಲು ಬಂದವರು. ಮುಚ್ಚಿದರೆ ಭರತೇಶನ ಕೆಲಸಕ್ಕೂ ಬೀಗ. ಹಿಂದಿನ ಸೀಟಿನಲ್ಲಿ ಅವನ ತಾಯಿ ಮಹಾಲಕ್ಷ್ಮಮ್ಮ. ದೊಡ್ಡವರನ್ನು ಊಟಕ್ಕೆ ಕರೆಯಲು ಮಗನೊಬ್ಬನೇ ಹೋದರೆ ಮರ್ಯಾದೆಯಲ್ಲ ಎಂದು, ಆ ಸೆಕೆಯಲ್ಲೂ ರೇಷ್ಮೆ ಸೀರೆ ಉಟ್ಟು ತಾವೇ ಹೊರಟುಬಂದಿದ್ದರು.

"ಏನಪ್ಪಾ ಭರತೇಶ, ಒಲೆ ಹಚ್ಚಿಬಿಟ್ಯಾ?" ಅಶ್ವತ್ಥನಾರಾಯಣರು ಟೈ ಸಡಿಲಿಸಿದರು.

"ಒಂದ್ನಿಮಿಷ ಸರ್." ಭರತೇಶ ಗುಂಡಿ ಒತ್ತಿ ಎ.ಸಿ. ಆರಿಸಿದ, ಹಚ್ಚಿದ. ಮತ್ತೆ ಆರಿಸಿದ, ಮತ್ತೆ ಹಚ್ಚಿದ.

"ಅದೇನು ಆಫೀಸಿನ ಕಂಪ್ಯೂಟರ್ ಏನಯ್ಯಾ, ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗೋಕೆ?"

ಹೊರಗೆ ಯಾವುದೋ ಮೆರವಣಿಗೆ. ಮುಂದೆ ಬಸ್ಸು, ಹಿಂದೆ ಟ್ಯಾಕ್ಸಿ, ಪಕ್ಕದಲ್ಲಿ ಟ್ರಾಮು. ಇರುವೆ ನುಸುಳಲೂ ಜಾಗವಿಲ್ಲ. ಅಶ್ವತ್ಥನಾರಾಯಣರು ಕಿಟಕಿ ಇಳಿಸಲು ಹಿಡಿ ತಿರುಗಿಸಿದರು. ಹಿಡಿ ಅವರ ಕೈಯಲ್ಲೇ ಉಳಿಯಿತು. ಅವರು ಅದನ್ನು ತಿರುಗಿಸಿ ನೋಡಿ ತೊಡೆಯ ಮೇಲಿಟ್ಟುಕೊಂಡರು.

ಭರತೇಶ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದ. ಒಳಗಿನ ತಂತಿ ಸರಿಯಾಗಿತ್ತು. ಇಳಿದು ಹೋಗಿ ಬಾನೆಟ್ ಎತ್ತಿ, ಎ.ಸಿ. ಪೈಪು ಮುಟ್ಟಿ ಓಡಿಬಂದ. "ಗ್ಯಾಸಿದೆ ಸರ್, ಪೈಪು ಮಂಜಿನ ಹಾಗಿದೆ. ತಂಪನ್ನ ಒಳಗೆ ತಳ್ಳೋ ಫ್ಯಾನೇ ತಿರುಗ್ತಿಲ್ಲ. ಅದಕ್ಕೆ ಏನೋ ಸಿಕ್ಕಿಹಾಕ್ಕೊಂಡಿದೆ."

"ಏನು, ಇಲೀನಾ?" ಅಶ್ವತ್ಥನಾರಾಯಣರು ಎರಡೂ ಕಾಲು ಮೇಲೆತ್ತಿದರು.

ಇಲಿಯಲ್ಲ ಎಂದು ಆ ಕಾರಿನಲ್ಲಿ ಹಿಂದೆ ಕೂತಿದ್ದ ಮಹಾಲಕ್ಷ್ಮಮ್ಮ ಒಬ್ಬರಿಗೇ ಗೊತ್ತಿತ್ತು. ಬೆಹಾಲಾದ ಫ್ಲ್ಯಾಟಿನಲ್ಲಿ ತಾರಸಿಗೆ ಬೀಗ, ಬಾಲ್ಕನಿಗೆ ಬಿಸಿಲಿಲ್ಲ, ಬಿಸಿಲಿರುವ ಕಡೆ ಕಾಗೆ ಕಾಟ. ಆದರೆ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರೆಂದರೆ ಬಾಣಲೆ! ಮಗ ಆಫೀಸಿನ ಬಸ್ಸಿನಲ್ಲಿ ಹೋದ ದಿನಗಳಲ್ಲಿ ಅವರು ಕಾರಿನ ಮುಂಗಾಜಿನ ಕೆಳಗೆ ಪಂಚೆ ಹಾಸಿ ಅರಳು ಸಂಡಿಗೆ ಒಣಗಿಸುತ್ತಿದ್ದರು. "ಕಾರು ನಿನ್ನ ತಾರಸಿ ಅಲ್ಲಮ್ಮ, ಇನ್ನೊಂದ್ಸಲ ಇಟ್ರೆ ನೋಡು," ಎಂದು ಅವನು ಕೂಗಾಡಿದ್ದ. ನಿನ್ನೆ ಮತ್ತೆ ಇಟ್ಟಿದ್ದರು. ಪಂಚೆ ಎಳೆಯುವಾಗ ಗಾಜಿನ ಬುಡದ ಸೀಳಿನೊಳಗೆ ಒಂದು ಬೊಗಸೆ ಸಂಡಿಗೆ ಜಾರಿಹೋಗಿತ್ತು.

"ಈ ಊರಲ್ಲಿ ಮನುಷ್ಯ ಕೆಲಸ ಮಾಡೋಕಾಗಲ್ಲ ಕಣಯ್ಯಾ," ಅಶ್ವತ್ಥನಾರಾಯಣರ ದನಿ ಸಣ್ಣದಾಗಿತ್ತು, ಮುಖ ಬೀಟ್‌ರೂಟ್ ಆಗಿತ್ತು. "ನಾನು ತೀರ್ಮಾನ ಮಾಡಿಯಾಯ್ತು."

ಇನ್ನು ಸುಮ್ಮನಿದ್ದರೆ ಮಗನ ಅನ್ನ ಹೋಗುತ್ತದೆ. ಬಾಯಿಬಿಟ್ಟರೆ ದೊಡ್ಡವರ ಎದುರು ಮಗನ ಮಾನ ಹೋಗುತ್ತದೆ. ಮಹಾಲಕ್ಷ್ಮಮ್ಮ ಕಾಲಿನಿಂದ ಚಪ್ಪಲಿ ಕಳಚಿ ಮುಂದಕ್ಕೆ ಚಾಚಿದರು. "ತಗೋ, ಕೆಳಗಡೆ ಫ್ಯಾನಿಗೆ ಎರಡು ಬಿಡು."

"ಅಮ್ಮಾ! ಸರ್ ಕಾಲ ಹತ್ರ ಚಪ್ಪಲೀಲಿ..."

"ಹೊಡೀರಯ್ಯಾ! ಚಪ್ಪಲೀಲಾದ್ರೂ ಹೊಡೀರಿ, ಸುತ್ತಿಗೇಲಾದ್ರೂ ಹೊಡೀರಿ!" ಅಶ್ವತ್ಥನಾರಾಯಣರೇ ಚಪ್ಪಲಿ ಕಿತ್ತುಕೊಂಡು ತಮ್ಮ ಮೊಣಕಾಲಿನ ಕೆಳಗೆ ಫಟಾರನೆ ಬಾರಿಸಿದರು. ಒಂದು. ಎರಡು. ಒಳಗೆ ಏನೋ ಮುರಿದ ಸದ್ದು. ಫ್ಯಾನು ಗರ್ರೆಂದು ತಿರುಗಿತು. ತಣ್ಣನೆ ಗಾಳಿಯ ಜೊತೆಗೇ ಜಾಲರಿಯಿಂದ ಫಟ್ ಫಟ್ ಎಂದು ಬೆಳ್ಳನೆಯ ಸಂಡಿಗೆಗಳು ಹಾರಿಬಂದವು. ಕೆಲವು ಅವರ ಕನ್ನಡಕಕ್ಕೆ, ಕೆಲವು ಟೈಗೆ, ಒಂದು ನೇರ ತೆರೆದ ಬಾಯಿಗೆ. ಅದೂ ಹಸಿಯಲ್ಲ! ಆ ಕಾರಿನ ಕಾವಿಗೆ ಎಣ್ಣೆಯ ಮುಖ ಕಾಣದೆಯೇ ಮಲ್ಲಿಗೆಯ ಹಾಗೆ ಅರಳಿದ್ದವು. ಮಲ್ಲಿಕ್ ಬಜಾರಿನ ಮೆಕ್ಯಾನಿಕ್ಕುಗಳು ಇದು ಸಾಧ್ಯವೇ ಇಲ್ಲ ಅನ್ನುತ್ತಾರೆ. ಅವರೇನು ಆ ಕಾರಿನಲ್ಲಿ ಕೂತಿದ್ದರೇ?

ಭರತೇಶ ಕಣ್ಣು ಮುಚ್ಚಿಕೊಂಡ. ಕರುಂ ಎಂಬ ಸದ್ದು ಕೇಳಿತು. ಅಶ್ವತ್ಥನಾರಾಯಣರು ಅಗಿಯುತ್ತಿದ್ದರು. ಟೈ ಮೇಲಿನ ಇನ್ನೊಂದನ್ನೂ ಎತ್ತಿ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಹಿಂದೆ ತಿರುಗಿದರು.

"ಅಮ್ಮಾ, ಇದನ್ನ ಇಲ್ಲೇ ಒಣಗಿಸಿದ್ದಾ?"

"ಹೂಂ," ಮಹಾಲಕ್ಷ್ಮಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡೇ ಹೇಳಿದರು, "ತಪ್ಪಾಯ್ತು."

"ಬೆಂಗಳೂರಿನ ಬಿಸಿಲಿಗೆ ಹೀಗೆ ಅರಳುತ್ತಾ?"

"ಅಯ್ಯೋ, ಅಲ್ಲೆಲ್ಲಿ ಇಂಥ ಬಿಸಿಲು!"

"ಹಾಗಾದ್ರೆ ಇವನನ್ನ ಇಲ್ಲಿಂದ ಕದಲಿಸೋ ಹಾಗಿಲ್ಲ ಬಿಡಿ," ಎಂದು ಅವರು ಮುರಿದ ಹಿಡಿಯನ್ನು ಭರತೇಶನ ಕೈಗೆ ಕೊಟ್ಟರು. "ಆಫೀಸು ಇರಲಿ. ಕಿಟಕಿ ಮಾತ್ರ ರಿಪೇರಿ ಮಾಡಿಸು."

ಆ ಆಫೀಸು ಮುಚ್ಚಲಿಲ್ಲ. ಏನು ನಗುತ್ತೀರಿ, ನಂಬಿಕೆ ಬರಲಿಲ್ಲವೇ? ಹಾಗಾದರೆ ನಿಮ್ಮ ಕಾರಿನ ಕೀಲಿ ಕೊಟ್ಟುಹೋಗಿ. ಮನೆಯಲ್ಲಿ ಒಂದು ಮೊರ ಸಂಡಿಗೆ ಹಸಿಯೇ ಇದೆ, ನಾಳೆ ಬಿಸಿಲೂ ಚೆನ್ನಾಗಿರುವ ಹಾಗೆ ಕಾಣುತ್ತದೆ.