ಯುರೋಪ್ ಒಪ್ಪಿದ ಭಾಷೆ

“ಈ ವರ್ಷದಿಂದ ನಮ್ಮ ಐರಿಶ್ ಭಾಷೆ ಯುರೋಪಿನಲ್ಲಿ ಅಧಿಕೃತ!” ಎಂದು ಡೆಕ್ಲನ್ ಪತ್ರಿಕೆಯ ತುಣುಕನ್ನು ಎತ್ತಿ ಹಿಡಿದಾಗ ಸುಕೇಶನ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಇಬ್ಬರೂ ಸಿಂಗಪುರದ ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿ ಮಾಡುವವರು. ಭಾನುವಾರವೆಂದು ಪಾಸಿರ್ ರಿಸ್ ಬಡಾವಣೆಯ ಸುಕೇಶನ ಮನೆಯಲ್ಲಿ ಚಹಾಕ್ಕೆ ಕೂತಿದ್ದರು. ಈ ಬಿಳಿಯನ ಭಾಷೆಗೆ ಪಟ್ಟ. ತನ್ನ ತುಳು ಮಾತ್ರ ಇನ್ನೂ ದಿಲ್ಲಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿದೆ. ಕೊಟ್ಟಿದ್ದರೆ ದಿಲ್ಲಿಯವರ ಅಪ್ಪನ ಗಂಟೇನು ಹೋಗುತ್ತಿತ್ತು?

ಅಷ್ಟರಲ್ಲಿ ಉಡುಪಿಯಿಂದ ತಾಯಿಯ ಫೋನ್ ಬಂತು. “ಅಮ್ಮಾ, ವಣಸ್ ಆಂಡಾ?” ಎಂದು ಊಟ ವಿಚಾರಿಸಿದವನು ತುಳುವಿನಲ್ಲೇ ರೇಗಿದ, ರೇಗಿಸಿದ, ಬಿದ್ದುಬಿದ್ದು ನಕ್ಕ.

ಡೆಕ್ಲನ್ ತುಣುಕನ್ನು ಮಡಚಿದ. “ನನಗೆ ಐರಿಶ್‌ನಲ್ಲಿ ಹೀಗೆ ನಗೋಕೆ ಬರಲ್ಲ ಸುಕೇಶ್. ಸ್ಕೂಲಲ್ಲಿ ಕಲಿತ ನಾಲ್ಕು ಪದ್ಯ ಬರುತ್ತೆ, ಅಷ್ಟೇ. ಐರಿಶ್ ಮಾತಾಡಿದ್ದಕ್ಕೆ ನಮ್ಮ ಮುತ್ತಜ್ಜನಿಗೆ ಮೇಷ್ಟ್ರು ಹೊಡೀತಿದ್ರಂತೆ. ಆಮೇಲೆ ಮನೇಲಿ ಯಾರೂ ಆಡಲೇ ಇಲ್ಲ. ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.”

ಸುಕೇಶ ಗೆದ್ದವನಂತೆ ಬೀಗಿ, ಏಳು ವರ್ಷದ ಮಗಳ ಕೈಗೆ ಫೋನ್ ಕೊಟ್ಟ. “ಯಶ್ಮಿತಾ, ಅಜ್ಜಿ ಹತ್ರ ಮಾತಾಡು, ಅಂಕಲ್ ಕೇಳಲಿ.”

ಯಶ್ಮಿತಾ ಒಂದು ಕ್ಷಣ ಕಿವಿಗೊಟ್ಟು ಮುಖ ಸಿಂಡರಿಸಿ, ಸಿಂಗಪುರದ ಶಾಲೆಮಕ್ಕಳ ಧಾಟಿಯಲ್ಲಿ ಅಂದಳು: “ಅಜ್ಜೀ, ಸ್ಪೀಕ್ ಇಂಗ್ಲಿಷ್ ಲಾ!”

ಡೆಕ್ಲನ್ ಮೆಲ್ಲಗೆ ಕೇಳಿದ: “ಇವಳಿಗೆ ಹೊಡೆದದ್ದು ಯಾರು?”